ಗುಂಡಿ ಹಾರಿದ ಸೊಸೆ

ಜನವರಿ 6

ಚಿರಂಜೀವಿ ಸೊಸೆಗೆ, ಹೆಗಲ ಮೂಳೆ ಮುರಿದುಕೊಂಡ ಅತ್ತೆಯ ಒಂದೂವರೆ ಕೈಯ ಆಶೀರ್ವಾದ.

ಫೋನಿನಲ್ಲಿ ಬೈಯಲು ಹೊರಟರೆ ನೀನು ಗುಡ್ಡದಲ್ಲಿ ಸಿಗ್ನಲ್ ಇಲ್ಲ ಎನ್ನುತ್ತೀಯ. ನಿನ್ನ ಗಂಡನಿಗೆ ಮಾಡಿದರೆ ಅವನು ‘ಬಿಟ್ಟುಬಿಡಮ್ಮ’ ಎಂದು ನಡುವೆ ಬಾಯಿ ಹಾಕುತ್ತಾನೆ. ಕಾಗದಕ್ಕೆ ಈ ಎರಡು ರೋಗವೂ ಇಲ್ಲ. ಆದ್ದರಿಂದ ಇನ್ನು ಮುಂದೆ ನಮ್ಮಿಬ್ಬರ ಜಗಳ ಅಂಚೆಯ ಮೂಲಕ ನಡೆಯತಕ್ಕದ್ದು.

ಮೊದಲು ನಡೆದದ್ದನ್ನು ಬರೆದಿಡುತ್ತೇನೆ. ಯಾಕೆಂದರೆ ಬೀದಿಯಲ್ಲಿ ಈಗಾಗಲೇ ಮೂರು ಬಗೆಯ ಕಥೆ ಓಡಾಡುತ್ತಿವೆ. ಕಳೆದ ನವೆಂಬರಿನಲ್ಲಿ ನೀವಿಬ್ಬರೂ ಬಂದಿದ್ದಿರಿ. ಭಾನುವಾರ ಬೆಳಿಗ್ಗೆ, ನಾನು ಕ್ಯಾಪ್ಟನ್ ಆಗಿರುವ ರಸ್ತೆ ಸೈಕಲ್ ಬಳಗದ ಜೊತೆ ನೀನೂ ಹೊರಟೆ. ಒಬ್ಬರ ಹಿಂದೆ ಒಬ್ಬರು, ಚಕ್ರಕ್ಕೂ ಚಕ್ರಕ್ಕೂ ನಡುವೆ ಒಂದೇ ಗೇಣು. ಹಿಂದಿರುವವರಿಗೆ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಅದಕ್ಕೇ ಗುಂಡಿ ಕಂಡವರು ಕೈ ಇಳಿಸಿ ಬೆರಳು ತೋರಿಸಬೇಕು, ಅದನ್ನು ನೋಡಿದವರು ತಮ್ಮ ಹಿಂದಿನವರಿಗೆ ತೋರಿಸಬೇಕು. ಇದು ನಮ್ಮಲ್ಲಿ ಊಟಕ್ಕೆ ಮುಂಚೆ ಕೈ ತೊಳೆದಷ್ಟು ಸಹಜ. ನೀನು ನನ್ನ ಮುಂದಿದ್ದೆ. ಗುಂಡಿ ಬಂತು. ಬೆರಳು ಬರಲಿಲ್ಲ. ಎರಡೂ ಚಕ್ರ ನೆಲದಿಂದ ಎತ್ತಿ, ಜಿಂಕೆಯ ಹಾಗೆ, ಅದನ್ನು ಹಾರಿಬಿಟ್ಟೆ. ಎಷ್ಟು ಚೆನ್ನಾಗಿ ಹಾರಿದಳಲ್ಲ ಎಂದು ಮೆಚ್ಚಿಕೊಳ್ಳುವಷ್ಟರಲ್ಲಿ ನಾನು ಗುಂಡಿಯೊಳಗಿದ್ದೆ.

ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎನ್ನುತ್ತಾರೆ. ಸೊಸೆ ಮುರಿದ ಮೂಳೆಗೆ ಮಾತ್ರ ಭಾರೀ ಬೆಲೆ. ನನ್ನ ಕನ್ನಡಕದ ಅಂಗಡಿಗೆ ಸರಿಯಾಗಿರುವ ಕನ್ನಡಕ ಹಿಡಿದುಕೊಂಡು, ಸ್ಕ್ರೂ ಸಡಿಲವಾಗಿದೆ ಎಂದು ಸುಳ್ಳು ಹೇಳಿಕೊಂಡು, ಕಥೆ ಕೇಳಲು ಜನ ಬರುತ್ತಿದ್ದಾರೆ. ಎದುರುಮನೆಯಾಕೆಯ ಪ್ರಕಾರ ನೀನು ಅಡುಗೆಮನೆಯ ಜಗಳವನ್ನು ರಸ್ತೆಗೆ ತಂದೆ. ನಾವಿಬ್ಬರೂ ಅಡುಗೆಮನೆಯಲ್ಲಿ ಒಟ್ಟಿಗೆ ನಿಂತದ್ದೇ ಇಲ್ಲ, ಅಲ್ಲಿ ನಿನ್ನ ಮಾವನದೇ ಆಳ್ವಿಕೆ ಎಂದರೆ ಆಕೆ ನಂಬುವುದಿಲ್ಲ.

ಮೂಳೆಯ ಸಮಾಚಾರ: ಕೂಡಿದೆ. ನೀನು ದನದ ಡಾಕ್ಟರು. ರಸ್ತೆಯಲ್ಲಿ ಬಿದ್ದಿದ್ದ ನನ್ನ ಹೆಗಲು ಸವರಿ ‘ಕರುವಾಗಿದ್ದರೆ ಆರು ವಾರ’ ಎಂದಿದ್ದೆ. ಮನುಷ್ಯರ ಡಾಕ್ಟರೂ ಒಂದು ಫೋಟೋ ತೆಗೆದು ಅದನ್ನೇ ಹೇಳಿದರು. ಆರು ವಾರವೂ ಆಯಿತು. ಸೈಕಲ್ ಮಾತ್ರ ಇನ್ನೂ ಹತ್ತಿಲ್ಲ. ಟೈರಿನಲ್ಲಿ ಗಾಳಿ ಕಡಿಮೆ ಇದೆ.

ಬೆರಳು ಯಾಕೆ ತೋರಿಸಲಿಲ್ಲ ಎಂಬುದಕ್ಕೆ ಲಿಖಿತ ಉತ್ತರ ಬೇಕು. ಕ್ಷಮೆ ಬೇಡ. ಅದನ್ನು ಆಸ್ಪತ್ರೆಯಲ್ಲೇ ಅತ್ತು ಮುಗಿಸಿದ್ದೀಯ. ಪಕ್ಕದ ಮಂಚದವರಿಗೆಲ್ಲ ನಿದ್ದೆಯಿಲ್ಲದಂತೆ.

ಇತಿ, ಗುಂಡಿಯೊಳಗಿಂದ,
ನಿನ್ನ ಅತ್ತೆ

(ಅಂಚಿನಲ್ಲಿ, ಪೆನ್ಸಿಲಿನಲ್ಲಿ)
ಕಾಗದ ಅಂಚೆಗೆ ಹಾಕುವ ಕೆಲಸ ನನ್ನದು. ಟೈರಿನಲ್ಲಿ ಗಾಳಿ ಸರಿಯಾಗಿದೆ. ಪ್ರತಿ ಶನಿವಾರ ನಾನೇ ತುಂಬಿಸುತ್ತಿದ್ದೇನೆ. — ಮಾವ


ಜನವರಿ 19

ಪೂಜ್ಯ ಅತ್ತೆಗೆ, ಕೊಟ್ಟಿಗೆಯಿಂದ ನಮಸ್ಕಾರ.

ನಿಮ್ಮ ಕಾಗದ ಬಂದಾಗ ನಾನು ಮೊಣಕೈವರೆಗೆ ಒಂದು ಹಸುವಿನೊಳಗಿದ್ದೆ. ನಿಮ್ಮ ಮಗ ಬಾಗಿಲಲ್ಲಿ ನಿಂತು ಓದಿ ಹೇಳಿದರು. ‘ಜಿಂಕೆಯ ಹಾಗೆ’ ಎನ್ನುವಲ್ಲಿಗೆ ಕರು ಹೊರಗೆ ಬಂತು. ತಾಯಿ ಮಗು ಇಬ್ಬರೂ ಕ್ಷೇಮ.

ಲಿಖಿತ ಉತ್ತರ ಹೀಗಿದೆ. ಅತ್ತೆ, ಗುಡ್ಡದಲ್ಲಿ ನಮ್ಮ ಹಿಂದೆ ಯಾರೂ ಇರುವುದಿಲ್ಲ. ಇಳಿಯುವಾಗ ಒಬ್ಬೊಬ್ಬರೇ, ಒಬ್ಬರು ತಿರುವಿನಲ್ಲಿ ಮರೆಯಾದ ಮೇಲೇ ಇನ್ನೊಬ್ಬರು ಬಿಡುವುದು. ಕಲ್ಲು ಬಂದರೆ ಹಾರಬೇಕು, ಬೇರು ಬಂದರೆ ಹಾರಬೇಕು, ಕೈ ಹ್ಯಾಂಡಲ್ ಬಿಟ್ಟರೆ ಕೆಟ್ಟೆವು. ಎಷ್ಟೋ ವರ್ಷ ಮೌಂಟನ್ ಬೈಕ್ ತುಳಿದ ಕೈಗೆ ನಿಮ್ಮ ಡಾಂಬರು ರಸ್ತೆ ಒಂದು ಗಂಟೆಯಲ್ಲಿ ಬುದ್ಧಿ ಕಲಿಸಲಿಲ್ಲ. ನಿಜ ಹೇಳಬೇಕೆಂದರೆ ಆ ಗುಂಡಿ ಕಂಡಾಗ ನನಗೆ ಖುಷಿಯಾಯಿತು. ಅಷ್ಟು ಹೊತ್ತು ಇಸ್ತ್ರಿ ಮಾಡಿದ ಹಾಗಿದ್ದ ರಸ್ತೆ ನೋಡಿ ನೋಡಿ ಬೇಜಾರಾಗಿ, ಕೊನೆಗೂ ಏನೋ ಒಂದು ಸಿಕ್ಕಿತಲ್ಲ ಎಂದು.

ನನ್ನದೂ ಒಂದು ದೂರಿದೆ. ಐದೂವರೆ ಎಂದರೆ ಐದೂವರೆಗೇ ಹೊರಡುವ ಜನರನ್ನು ನಾನು ಅದೇ ಮೊದಲು ನೋಡಿದ್ದು. ಇಲ್ಲಿ ‘ಬೆಳಿಗ್ಗೆ’ ಎಂದರೆ ಮಧ್ಯಾಹ್ನಕ್ಕೆ ಮೊದಲು ಯಾವಾಗಲಾದರೂ. ಆಮೇಲೆ ನಿಮ್ಮ ಔಷಧಿ ಅಂಗಡಿಯವರು, ಬಳಗವೆಲ್ಲ ‘ಮಾತ್ರೆ’ ಎಂದು ಕರೆಯುವ ಆ ಮನುಷ್ಯ, ಕಾಲುಚೀಲ ಎಷ್ಟು ಎತ್ತರ ಬರಬೇಕು ಎಂದು ನನಗೆ ರಸ್ತೆ ಬದಿ ನಿಲ್ಲಿಸಿ ಪಾಠ ಮಾಡಿದರು. ಭಾರವಾಗುತ್ತದೆಂದು ಬಾಳೆಹಣ್ಣಿನ ಸಿಪ್ಪೆಯನ್ನು ಮನೆಯಲ್ಲೇ ಸುಲಿದಿಟ್ಟು ಬಂದಿದ್ದರು. ಹೊಟ್ಟೆಯನ್ನು ಮಾತ್ರ ಜೊತೆಗೇ ತಂದಿದ್ದರು.

ಇನ್ನೊಂದು ಮಾತು. ಟೈರಿಗೆ ಗಾಳಿ ತುಂಬುವ ಪಂಪು ನಿಮ್ಮ ಮನೆಯಲ್ಲೇ, ಶೂ ಗೂಡಿನ ಪಕ್ಕದಲ್ಲೇ ಇತ್ತಲ್ಲ. ಎಲ್ಲಾದರೂ ಕಳೆದುಹೋಯಿತೇ?

ಇತಿ, ಬೆರಳು ತೋರಿಸದ
ಸೊಸೆ


ಫೆಬ್ರವರಿ 11

ಕುಲಬಾಂಧವಳಲ್ಲದಿದ್ದರೂ ಚಕ್ರಬಾಂಧವಳಾದ ಸೊಸೆಗೆ,

ನಿನ್ನ ಉತ್ತರ ಪರಿಶೀಲಿಸಲಾಯಿತು. ತಿರಸ್ಕರಿಸಲಾಗಿದೆ.

ರಸ್ತೆ ಸೈಕಲ್ ಎಂದರೆ ಸಂಸಾರ, ತಿಳಿದುಕೋ. ಗಾಳಿಗೆ ಎದೆಯೊಡ್ಡಿ ಒಬ್ಬರು ಮುಂದೆ ಹೋಗುತ್ತಾರೆ, ಉಳಿದವರು ಅವರ ಬೆನ್ನ ಮರೆಯಲ್ಲಿ ಆರಾಮಾಗಿ ಬರುತ್ತಾರೆ. ಮುಂದಿನವರು ಸುಸ್ತಾದರೆ ಪಕ್ಕಕ್ಕೆ ಸರಿದು ಹಿಂದೆ ಬರುತ್ತಾರೆ, ಇನ್ನೊಬ್ಬರ ಸರದಿ. ಹೇಳಿಸಿಕೊಳ್ಳದೆ ಸರದಿ ತೆಗೆದುಕೊಳ್ಳುವವರನ್ನು ನಾನು ನನ್ನ ಮನೆಯಲ್ಲೂ ಕಂಡಿಲ್ಲ, ಅಲ್ಲಿ ಕಂಡಿದ್ದೇನೆ. ನಿಮ್ಮ ಗುಡ್ಡದ ಸೈಕಲ್ ಇದೆಯಲ್ಲ, ಅದು ಸನ್ಯಾಸ. ಬಿದ್ದರೆ ನೀನೇ, ಎದ್ದರೆ ನೀನೇ. ಅದೂ ಎಂಥ ಸನ್ಯಾಸ! ಎಮ್ಮೆಯ ಕತ್ತಿನ ಗಾತ್ರದ ಟೈರು, ಅದರಲ್ಲಿ ಅರ್ಧ ಗಾಳಿ, ಮುಂದೆ ಒಂದು ಸ್ಪ್ರಿಂಗು, ಹಿಂದೆ ಒಂದು ಸ್ಪ್ರಿಂಗು. ಸೋಫಾಕ್ಕೆ ಪೆಡಲು ಹಾಕಿದ ಹಾಗೆ. ಹತ್ತುವಾಗ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತೀರಂತೆ, ನಿನ್ನ ಗಂಡ ಹೇಳಿದ. ಹೊರುವುದೇ ಆದರೆ ಸೈಕಲ್ ಯಾಕೆ, ಒಂದು ಮೂಟೆ ಸಾಕಲ್ಲ?

ಇಲ್ಲಿಯ ಸಮಾಚಾರ. ಭಾನುವಾರಗಳಲ್ಲಿ ಸಾಲು ನಮ್ಮ ಬಾಗಿಲ ಮುಂದೆಯೇ ಹೋಗುತ್ತದೆ. ಕ್ಯಾಪ್ಟನ್ನಿನ ಸೀಟಿ ಸದ್ಯಕ್ಕೆ ಮಾತ್ರೆಯ ಕೊರಳಲ್ಲಿದೆ. ಊದಲು ಬರುವುದಿಲ್ಲ, ಕೆಮ್ಮಿದ ಹಾಗೆ ಕೇಳುತ್ತದೆ. ನಾನು ಕಿಟಕಿಯಿಂದ ನೋಡುತ್ತೇನೆ ಎಂದುಕೊಳ್ಳಬೇಡ. ಕಿವಿಗೆ ಬಿತ್ತು, ಅಷ್ಟೆ.

ಹೋಗಬೇಕೆಂದೇ ಇದ್ದೇನೆ. ಆದರೆ ಈ ತಿಂಗಳು ವಿಪರೀತ ಗಾಳಿ. ಹೊಸದಾಗಿ ಕೂಡಿದ ಮೂಳೆಗೆ ಅಡ್ಡಗಾಳಿ ಒಳ್ಳೆಯದಲ್ಲ.

ಇತಿ, ಸಂಸಾರಸ್ಥೆ
ಅತ್ತೆ

(ಅಂಚಿನಲ್ಲಿ)
ಗಾಳಿ ಇಲ್ಲ. ಒಣಹಾಕಿದ ಬಟ್ಟೆ ಅಲುಗಾಡುತ್ತಿಲ್ಲ. — ಮಾವ


ಮಾರ್ಚ್ 2

ಅತ್ತೆ,

ನಿನ್ನೆ ನಾನು ಬಿದ್ದೆ. ಗಾಬರಿಯಾಗಬೇಡಿ, ಮೊಣಕಾಲಿನ ಚರ್ಮ ಮಾತ್ರ ಗುಡ್ಡಕ್ಕೆ ದಾನವಾಗಿದೆ.

ಆಮೇಲೆ ಏನಾಯಿತು ಎಂಬುದನ್ನು ನಿಮಗೆ ಹೇಳಬೇಕು. ಇಲ್ಲಿ ‘ಗೂಳಿ’ ಎಂಬ ಒಬ್ಬ ಬಡಗಿ ಇದ್ದಾನೆ; ಬಾಗಿಲು ಮಾಡುತ್ತಾನೆ, ತಾನೇ ಆ ಬಾಗಿಲಲ್ಲಿ ಹಿಡಿಸುವುದಿಲ್ಲ, ಅಂಥ ಆಳು. ನಮ್ಮ ಗುಂಪಿಗೆ ಹಿರಿಯ ಎಂದರೆ ಅವನೇ. ನಾನು ಬಿದ್ದ ಸದ್ದು ಕೇಳಿ ಕೆಳಗಿನಿಂದ ಓಡಿ ಬಂದ. ಏನೂ ಮುರಿದಿಲ್ಲವೆಂದು ಖಾತ್ರಿ ಮಾಡಿಕೊಂಡ. ಆಮೇಲೆ ಬಹಳ ದುಃಖದಿಂದ, ತಾನು ಸರಿಯಾಗಿ ನೋಡಲಿಲ್ಲವೆಂದೂ, ಆಗುವುದಾದರೆ ಇನ್ನೊಮ್ಮೆ ಬಿದ್ದು ತೋರಿಸಬೇಕೆಂದೂ ಕೇಳಿಕೊಂಡ. ಉಳಿದವರೂ ಬಂದರು. ಕಲ್ಲಿನ ಸುತ್ತ ಕೂತು, ಚಕ್ರ ಎಲ್ಲಿ ಜಾರಿತು, ಭಾರ ಎಲ್ಲಿತ್ತು ಎಂದು ದೊಡ್ಡ ಚರ್ಚೆ. ನಮ್ಮಲ್ಲಿ ಯಾರು ಎಲ್ಲಿ ಚೆನ್ನಾಗಿ ಬೀಳುತ್ತಾರೋ ಆ ಜಾಗಕ್ಕೆ ಅವರ ಹೆಸರು. ಮೇಲಿನದು ಗೂಳಿಬಂಡೆ. ನಿನ್ನೆಯಿಂದ ಕೆಳಗಿನದು ಡಾಕ್ಟರಮ್ಮನ ತಿರುವು.

ಕೇಳಬೇಕೆನಿಸಿತು: ನಿಮ್ಮ ಬಳಗದವರು ಆ ಗುಂಡಿಯ ಬಗ್ಗೆ ಏನು ಹೇಳುತ್ತಾರೆ?

ಮತ್ತೆ, ಗಾಳಿ ನಿಂತಿತೇ? ಬಟ್ಟೆ ಒಣಗುತ್ತಿದೆಯೇ?

ಇತಿ, ಒಂದು ತಿರುವಿನ ಒಡತಿ,
ಸೊಸೆ


ಮಾರ್ಚ್ 28

ಸೊಸೆ,

ಏನೂ ಹೇಳುವುದಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಅಷ್ಟೇ.

ಹಣ್ಣು ಹಿಡಿದುಕೊಂಡು ಎಲ್ಲರೂ ಬಂದಿದ್ದರು. ಸೋಫಾದ ಅಂಚಿನಲ್ಲಿ ಕೂತು ಗೋಡೆ ಗಡಿಯಾರ ನೋಡಿದರು. ಹೊಸ ಸೀಟುಗಳ ಬಗ್ಗೆ ಮಾತಾಡಿದರು. ರಸ್ತೆಯವರಲ್ಲಿ ಬಿದ್ದವರ ಮುಂದೆ ಬಿದ್ದ ಮಾತು ಎತ್ತುವುದಿಲ್ಲ. ಯಾರದೋ ಅಂಗಡಿ ಮುಚ್ಚಿಹೋದರೆ ನೆಂಟರು ನಡೆದುಕೊಳ್ಳುತ್ತಾರಲ್ಲ, ಹಾಗೆ. ಮರ್ಯಾದೆಯಿಂದ ಸುಮ್ಮನಿರುತ್ತಾರೆ. ನಾನೂ ಬೇರೆಯವರ ವಿಷಯದಲ್ಲಿ ಅಷ್ಟೇ ಮರ್ಯಾದೆಯಿಂದ ಸುಮ್ಮನಿದ್ದವಳೇ.

ಹೋದ ಭಾನುವಾರ ಹೊರಟಿದ್ದೆ. ನಿನ್ನ ಮಾವ ಅಡುಗೆಮನೆಯಿಂದ ನೋಡಿಯೂ ನೋಡದ ಹಾಗೆ ಪಾತ್ರೆ ತಿಕ್ಕುತ್ತಿದ್ದರು. ಸಾಲಿನ ಮಧ್ಯೆ ನನ್ನ ಜಾಗ ಬಿಟ್ಟಿದ್ದರು, ಸೇರಿದೆ. ಪೆಟ್ರೋಲ್ ಬಂಕಿನವರೆಗೆ ಚೆನ್ನಾಗಿಯೇ ಇದ್ದೆ. ವೇಗ ಹೆಚ್ಚಾಯಿತು, ಮುಂದಿನ ಚಕ್ರ ಗೇಣಿನ ಅಳತೆಗೆ ಬಂತು. ನನ್ನ ಬೆರಳು ನನ್ನನ್ನು ಕೇಳದೆಯೇ ಬ್ರೇಕ್ ಒತ್ತಿದವು. ಹಿಂದಿದ್ದ ಮಾತ್ರೆ ಹೇಗೆ ತಪ್ಪಿಸಿಕೊಂಡನೋ ಅವನಿಗೇ ಗೊತ್ತು. ಮತ್ತೆ ಸೇರಿದೆ. ಮತ್ತೆ ಹಾಗೇ ಆಯಿತು. ಟೈರು ಸರಿಯಿಲ್ಲ, ನೀವು ಮುಂದೆ ಹೋಗಿ ಎಂದೆ. ಎಲ್ಲರೂ ನಂಬಿದರು. ನಂಬಿದ ಹಾಗೆ ಅಷ್ಟು ಚೆನ್ನಾಗಿ ನಟಿಸಿದ್ದನ್ನು ನೋಡಿಯೇ ನಾನು ಸೈಕಲ್ ಇಳಿದುಬಿಟ್ಟೆ.

ಪೆಡಲಿಗೆ ಕಚ್ಚಿಕೊಳ್ಳುವ ನಮ್ಮ ಶೂಗಳಲ್ಲಿ ನಡೆಯಲಾಗುವುದಿಲ್ಲ, ನಿನಗೆ ಗೊತ್ತು. ಅವನ್ನು ಕೈಯಲ್ಲಿ ಹಿಡಿದು, ಕಾಲುಚೀಲದಲ್ಲೇ ಸೈಕಲ್ ತಳ್ಳಿಕೊಂಡು ಮನೆಗೆ ಬಂದೆ. ಕಾಲುಚೀಲದ ಎತ್ತರ ಮಾತ್ರ ಸರಿಯಾಗಿತ್ತು.

ಊರಿನವರ ಕಣ್ಣಿನ ಮುಂದೆ ಒಂದೊಂದೇ ಗಾಜು ಇಟ್ಟು ‘ಈಗ ಕಾಣುತ್ತಾ, ಈಗ?’ ಎಂದು ಕೇಳುವವಳು ನಾನು. ನನಗೆ ಯಾವ ಗಾಜು ಹಾಕಿದರೂ ಕಾಣುವುದು ಒಂದೇ ಚಕ್ರ. ಹೆದರಿಕೆ ಕಣೇ. ಇನ್ನು ನನ್ನಿಂದ ಸೈಕಲ್ ಆಗುವುದಿಲ್ಲವೇನೋ ಎನ್ನುವ ಹೆದರಿಕೆ.

ಇದನ್ನು ನಾನೇ ಹೋಗಿ ಅಂಚೆ ಡಬ್ಬಿಗೆ ಹಾಕುತ್ತೇನೆ. ಅಂಚಿನಲ್ಲಿ ಏನೂ ಇರುವುದಿಲ್ಲ.

— ಅತ್ತೆ


ಏಪ್ರಿಲ್ 4

ಅತ್ತೆ,

ಬನ್ನಿ.

ಇಲ್ಲಿ ನಿಮ್ಮ ಮುಂದೆ ಯಾವ ಚಕ್ರವೂ ಇರುವುದಿಲ್ಲ. ಮಗನ ಮನೆಗೆ ನಾಲ್ಕು ದಿನ ಇರಲು ಹೋಗುತ್ತಿದ್ದೇನೆ ಎಂದು ಬೀದಿಗೆ ಹೇಳಿ. ಸೊಸೆಯ ಮೇಲಿನ ಎರಡನೇ ಸುತ್ತಿನ ಯುದ್ಧಕ್ಕೆ ಎಂದರೂ ಅಡ್ಡಿಯಿಲ್ಲ, ಎದುರುಮನೆಯಾಕೆಗೆ ಸಮಾಧಾನವಾಗುತ್ತದೆ. ಹರಿದರೂ ಪರವಾಗಿಲ್ಲ ಎನ್ನುವ ಬಟ್ಟೆ ತನ್ನಿ. ಬಿಳಿ ಕಾಲುಚೀಲ ತರಬೇಡಿ, ಅದನ್ನು ಕೊನೆಯ ಸಲ ನೋಡಿದ ಹಾಗಾಗುತ್ತದೆ.

ನಿಮ್ಮ ಮಗ ಶುಕ್ರವಾರ ಕಾರು ತರುತ್ತಾರೆ. ಅವರಿಗೆ ನಾನು ಏನೂ ಹೇಳಿಲ್ಲ. ಅವರು ಏನೂ ಕೇಳಿಲ್ಲ. ಸುಮ್ಮನೆ ಕಾರಿನ ಹಿಂದಿನ ಸೀಟು ಮಡಿಚಿಟ್ಟಿದ್ದಾರೆ.

ಇತಿ,
ನಿಮ್ಮ ಸೊಸೆ


ಏಪ್ರಿಲ್ 16

ಪ್ರೀತಿಯ ಮಾವ,

ನಿಮ್ಮ ಪೆನ್ಸಿಲಿಗೆ ಈ ಸಲ ಜಾಗ ಸಿಗಲಿಲ್ಲವೆಂದು ನಾನೇ ಪ್ರತ್ಯೇಕವಾಗಿ ವರದಿ ಕಳಿಸುತ್ತಿದ್ದೇನೆ. ಅತ್ತೆ ಸದ್ಯ ಅಂಗಳದಲ್ಲಿ ಸೈಕಲ್ ತೊಳೆಯುತ್ತಿದ್ದಾರೆ. ತಾವು ಇನ್ನೂ ತೊಳೆದುಕೊಂಡಿಲ್ಲ. ಯಾವುದು ಅತ್ತೆ, ಯಾವುದು ಗುಡ್ಡ ಎಂದು ಹೇಳುವುದು ಕಷ್ಟ.

ಮೊದಲ ದಿನ ಇಸ್ತ್ರಿ ಮಾಡಿದ ಜೆರ್ಸಿ ಹಾಕಿಕೊಂಡು ಬಂದರು. ಗೂಳಿ ತನ್ನ ತಂಗಿಯ ಸೈಕಲ್ ತಂದುಕೊಟ್ಟ. ಅತ್ತೆ ಟೈರು ಒತ್ತಿ ನೋಡಿ, ಇದರಲ್ಲಿ ಗಾಳಿ ತುಂಬಿಸಿ ಎಂದರು. ಇದೇ ಸರಿ ಎಂದ. ಇದು ಟೈರಲ್ಲ, ತಲೆದಿಂಬು ಎಂದರು. ಆಮೇಲೆ, ಯಾರೂ ಸೈಕಲ್ ಹತ್ತದೆ ಗುದ್ದಲಿ ಹಿಡಿದು ದಾರಿಯ ಮೇಲೆ ಕುಸಿದ ಮಣ್ಣು ಎಳೆಯುತ್ತಿದ್ದುದನ್ನು ನೋಡಿ ಅವರಿಗೆ ಆಶ್ಚರ್ಯ. ಇಲ್ಲಿ ದಾರಿ ಮಾಡಿಕೊಂಡೇ ದಾರಿಯಲ್ಲಿ ಹೋಗಬೇಕಲ್ಲ. ಬೆಳಿಗ್ಗೆಯೆಲ್ಲ ಅವರೂ ಮಣ್ಣು ಎಳೆದರು. ರಸ್ತೆಯನ್ನು ಬೈದಿದ್ದು ಬಿಟ್ಟರೆ ತಾವು ಅದಕ್ಕೆ ಏನೂ ಮಾಡಿರಲಿಲ್ಲ ಎಂದರು. ಗೂಳಿ ಅವರಿಗೆ ಇನ್ನೂ ದೊಡ್ಡ ಗುದ್ದಲಿ ಕೊಟ್ಟ.

ಮಧ್ಯಾಹ್ನ ಅತ್ತೆ ಮುಂದೆ, ನಾನು ಬಹಳ ಹಿಂದೆ. ಇಳಿಜಾರು ಶುರುವಾಯಿತು. ಮಾವ, ಅವರು ಏನು ಮಾಡಿದರು ಗೊತ್ತೇ? ಕಲ್ಲು ಬಂತು, ಎಡಗೈ ಇಳಿಸಿ ಬೆರಳು ತೋರಿಸಿದರು. ಮತ್ತೊಂದು ಕಲ್ಲು, ಮತ್ತೆ ಬೆರಳು. ಗುಡ್ಡದ ತುಂಬ ಕಲ್ಲು. ದಾರಿಯುದ್ದಕ್ಕೂ ಅವರ ಕೈ ಭತ್ತ ಬಿತ್ತುವವರ ಹಾಗೆ ಆಡುತ್ತಿತ್ತು. ಯಾರಿಗೆ ಅತ್ತೆ ತೋರಿಸುತ್ತಿದ್ದೀರಿ, ಎರಡೂ ಕೈಯಲ್ಲಿ ಹಿಡಿಯಿರಿ ಎಂದು ಹಿಂದಿನಿಂದ ಕೂಗಿದೆ.

‘ಹಿಂದೆ ನೀನಿದ್ದೀಯಲ್ಲ,’ ಎಂದರು.

ಅಷ್ಟರಲ್ಲಿ ಒಂದು ಬೇರು. ಒಂಟಿ ಕೈಯಲ್ಲಿದ್ದ ಹ್ಯಾಂಡಲ್ ತಿರುಗಿತು. ಅತ್ತೆ ಹ್ಯಾಂಡಲಿನ ಮೇಲಿಂದ ಹೋಗಿ ಕೆಸರಿನಲ್ಲಿ ಬಿದ್ದರು.

ಮೊದಲೇ ಕೆಳಗಿಳಿದಿದ್ದವರು ಮೇಲಕ್ಕೆ, ನಾನು ಕೆಳಕ್ಕೆ ಓಡಿದೆವು. ಹೋಗಿ ನೋಡಿದರೆ ಏನೂ ಆಗಿಲ್ಲ. ಆದರೆ ಎದ್ದೇಳದೆ ಹಾಗೇ ಮಲಗಿ ಆಕಾಶ ನೋಡುತ್ತಿದ್ದರು. ನಾವೆಲ್ಲ ಮುಖ ಆಚೆ ತಿರುಗಿಸಲಿ ಎಂದು ಕಾಯುತ್ತಿದ್ದರು ಅನ್ನಿಸಿತು. ಯಾರೂ ತಿರುಗಿಸಲಿಲ್ಲ. ಗೂಳಿ ಬಂದು ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಡಾಕ್ಟರು ನಾಡಿ ನೋಡುವಷ್ಟು ಗಂಭೀರವಾಗಿ ಕೇಳಿದ: ‘ಅಮ್ಮಾ, ಕೈ ಬಿಟ್ಟಿದ್ದು ಬೇರಿಗಿಂತ ಮೊದಲೋ, ಆಮೇಲೋ?’

ಅತ್ತೆ ಮುಖದ ಕೆಸರು ಒರೆಸಿಕೊಂಡರು. ಆಮೇಲೆ ಎದ್ದು ಕೂತರು. ‘ಮೊದಲು. ಆ ಕೈ ಕಲ್ಲು ತೋರಿಸುತ್ತಿತ್ತು. ಬೇರು ತೋರಿಸಲು ಇನ್ನೊಂದು ಕೈ ಬೇಕಿತ್ತು.’

ಚರ್ಚೆ ಶುರುವಾಯಿತು ನೋಡಿ. ಭಾರ ಹಿಂದೆ ಹಾಕಬೇಕಿತ್ತು ಎಂದು ಒಬ್ಬರು, ಬ್ರೇಕ್ ಹಿಡಿಯಬಾರದಿತ್ತು ಎಂದು ಇನ್ನೊಬ್ಬರು. ಅತ್ತೆ ಎಲ್ಲರನ್ನೂ ತಿದ್ದಿದರು. ಹಾಗೇ ಮಾತು ಹೋಗಿ ಹೋಗಿ ನವೆಂಬರಿನ ಗುಂಡಿಗೆ ಬಂತು. ಪೂರ್ತಿ ಹೇಳಿದರು, ಮಾವ. ನೆಲದ ಮೇಲೆ ಮಲಗಿ ಹೇಗೆ ಬಿದ್ದೆ ಎಂದು ತೋರಿಸಿದರು. ನನ್ನನ್ನು ಕರೆದು ಎರಡು ಸಲ ಹಾರಿಸಿದರು. ಅಷ್ಟು ತಿಂಗಳು ಯಾರಿಗೂ ಬಾಯಿಬಿಟ್ಟು ಪೂರ್ತಿ ಹೇಳದೆ ಇಟ್ಟುಕೊಂಡಿದ್ದ ಕಥೆಯನ್ನು ಹೆಸರೂ ಗೊತ್ತಿಲ್ಲದ ಜನರ ಮುಂದೆ ಹೇಳಿ, ಅವರು ನಕ್ಕಾಗ ತಾವೂ ನಕ್ಕರು. ನಾನು ಮಾತ್ರ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ಇದನ್ನು ಅವರಿಗೆ ಹೇಳಬೇಡಿ.

ಅದಕ್ಕೀಗ ಕ್ಯಾಪ್ಟನ್ ಬೇರು ಎಂದು ಹೆಸರು. ನಿನ್ನೆ ಅದನ್ನು ಬೀಳದೆ ದಾಟಿದರು. ಬೆರಳು ಮಾತ್ರ ಇನ್ನೂ ತೋರಿಸುತ್ತಾರೆ, ಒಂದೇ ಬೆರಳು, ಹ್ಯಾಂಡಲ್ ಹಿಡಿದುಕೊಂಡೇ.

ಇತಿ,
ನಿಮ್ಮ ಸೊಸೆ


ಮೇ 3

ಮಗಳೇ,

ವರದಿ ತಲುಪಿತು. ಅವಳೂ ತಲುಪಿದಳು. ಬಂದವಳೇ ತನ್ನ ಸೈಕಲ್ಲಿನ ಟೈರು ಒತ್ತಿ ನೋಡಿ, ಇಷ್ಟು ಗಟ್ಟಿ ಯಾಕೆ ತುಂಬಿಸಿದಿರಿ ಎಂದು ಸ್ವಲ್ಪ ಗಾಳಿ ಬಿಟ್ಟಳು. ಮದುವೆಯಾದಾಗಿನಿಂದ ಅವಳು ಯಾವುದನ್ನಾದರೂ ಸಡಿಲ ಮಾಡಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಬೆಳಿಗ್ಗೆ ಒಬ್ಬಳೇ ಹೊರಗೆ ಹೋಗಿ ಬರುತ್ತಿದ್ದಾಳೆ. ಎಲ್ಲಿಗೆ ಎಂದು ನಾನು ಕೇಳುತ್ತಿಲ್ಲ. ಹಿಂದಿರುಗಿ ಬಂದಾಗ ಹಸಿವಾಗಿರುತ್ತದೆ, ಅದು ಒಳ್ಳೆಯ ಲಕ್ಷಣ.

— ಮಾವ


ಜೂನ್ 8

ಸನ್ಯಾಸಿನಿಯಾದ ಸೊಸೆಗೆ, ಸಂಸಾರದ ಕಡೆಯಿಂದ ಸಮಾಚಾರ.

ಭಾನುವಾರ ಬಳಗದಲ್ಲಿ ಒಂದು ಕ್ರಾಂತಿಯಾಯಿತು. ಐದೂವರೆಗೆ ಎಲ್ಲರೂ ಸಿದ್ಧ. ನಾನು ಹೋಗಿ ಮಾತ್ರೆಯ ಕೊರಳಿನಿಂದ ಸೀಟಿ ತೆಗೆದುಕೊಂಡು, ಇವತ್ತು ಮೊದಲು ನಾನು ಬಿದ್ದ ಜಾಗಕ್ಕೆ ಹೋಗೋಣ ಎಂದೆ. ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ಶೂ ನೋಡಿಕೊಂಡರು. ಕೊನೆಗೆ ಹೊರಟರು, ಸಾವಿನ ಮನೆಗೆ ಹೊರಟವರ ಹಾಗೆ.

ಅಲ್ಲಿ ಹೋದರೆ ಗುಂಡಿಯೇ ಇಲ್ಲ. ಯಾವಾಗಲೋ ಬಂದು ಡಾಂಬರು ಮೆತ್ತಿ ಹೋಗಿದ್ದಾರೆ. ನನಗೆ ಬಂದ ಕೋಪ ಅಷ್ಟಿಷ್ಟಲ್ಲ. ರಸ್ತೆಗಳ ಬಗ್ಗೆ ಇಷ್ಟು ವರ್ಷ ಕೂಗಿದರೂ ಬಾರದವರು, ನನಗೆ ಬೇಕಾದಾಗಲೇ ಮುಚ್ಚಬೇಕೇ? ಆದರೂ ಬಿಡಲಿಲ್ಲ. ಆ ಕಪ್ಪು ತೇಪೆಯ ಸುತ್ತ ಎಲ್ಲರನ್ನೂ ನಿಲ್ಲಿಸಿದೆ. ನಾನು ಎಲ್ಲಿದ್ದೆ, ನೀನು ಎಲ್ಲಿಂದ ಹಾರಿದೆ, ನಾನು ಎಲ್ಲಿಗೆ ಹೋಗಿ ಬಿದ್ದೆ, ಎಲ್ಲ ಹೇಳಿ, ಈಗ ಯಾರು ಏನು ಬೇಕಾದರೂ ಕೇಳಿ ಎಂದೆ.

ಹಾಲಿನ ಗಾಡಿಯೊಂದು ಹಾದುಹೋಯಿತು. ಬಿಳಿ ಕಾಲುಚೀಲದ ಹನ್ನೊಂದು ಜನ ತೇಪೆಯೊಂದನ್ನು ನೋಡುತ್ತ ನಿಂತದ್ದನ್ನು ಕಂಡು ಗಾಡಿಯವನು ವೇಗ ಕಡಿಮೆ ಮಾಡಿದ. ಆಗ ಮಾತ್ರೆ ಗಂಟಲು ಸರಿಮಾಡಿಕೊಂಡ. ಏನು ಹೇಳಿದ ಅಂದುಕೊಂಡೆ? ಎರಡು ವರ್ಷದ ಹಿಂದೆ ತಾನು ನಿಂತಲ್ಲೇ ಬಿದ್ದಿದ್ದನಂತೆ. ಸಿಗ್ನಲ್ಲಿನಲ್ಲಿ ಪೆಡಲಿನಿಂದ ಶೂ ಬಿಡಿಸಿಕೊಳ್ಳಲಾಗದೆ, ಬಸ್ಸು ತುಂಬ ಜನ ನೋಡುತ್ತಿರುವಾಗ, ಮರ ಉರುಳಿದ ಹಾಗೆ. ಮಣಿಕಟ್ಟು ಊದಿಕೊಂಡದ್ದಕ್ಕೆ ಮನೆಯಲ್ಲಿ ಔಷಧಿ ಪೆಟ್ಟಿಗೆ ಬಿತ್ತು ಎಂದು ಹೇಳಿದ್ದನಂತೆ. ಇಷ್ಟು ದಿನ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಆ ಹೊಟ್ಟೆ ಅಷ್ಟು ದೊಡ್ಡದಿರುವುದಕ್ಕೆ ಕಾರಣ ಈಗ ಗೊತ್ತಾಯಿತು.

ಒಬ್ಬ ಬಾಯಿ ಬಿಟ್ಟನೋ ಇಲ್ಲವೋ, ಉಳಿದವರೂ ಶುರುಮಾಡಿದರು. ಅವತ್ತು ಸವಾರಿ ಪೂರ್ತಿಯಾಗಲಿಲ್ಲ. ತೇಪೆಯ ಪಕ್ಕದ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಬಂದೆವು. ಇಂಥದ್ದು ಬಳಗದ ಇತಿಹಾಸದಲ್ಲಿಲ್ಲ.

ನನ್ನ ವಿಷಯಕ್ಕೆ ಬಂದರೆ, ಸಾಲಿನ ಕೊನೆಯಲ್ಲಿದ್ದೇನೆ. ಮುಂದಿನ ಚಕ್ರಕ್ಕೂ ನನಗೂ ಮೊದಲು ಒಂದು ಮಾರು ಇತ್ತು, ಈಗ ಒಂದು ಮೊಳ. ಬೆರಳು ಇನ್ನೂ ಆಗಾಗ ಬ್ರೇಕಿನ ಕಡೆ ಹೋಗುತ್ತವೆ. ಹೋದಾಗ ‘ಹೋದವು’ ಎಂದು ಕೂಗುತ್ತೇನೆ. ಮುಂದಿನವರು ‘ಸರಿ’ ಎನ್ನುತ್ತಾರೆ. ಅಷ್ಟಕ್ಕೇ ಅರ್ಧ ಹೆದರಿಕೆ ಇಳಿಯುತ್ತದೆ.

ನಿನ್ನ ಗುಡ್ಡವೇ ಮೇಲು ಎಂದು ಒಪ್ಪಿಕೊಂಡೆ ಎಂದುಕೊಳ್ಳಬೇಡ. ಆ ತಲೆದಿಂಬಿನ ಟೈರುಗಳನ್ನು ನಾನು ಎಂದಿಗೂ ಕ್ಷಮಿಸುವುದಿಲ್ಲ.

ಇತಿ, ಒಂದು ಮೊಳದಾಚೆಯಿಂದ,
ಅತ್ತೆ

(ಅಂಚಿನಲ್ಲಿ)
ನಿಜ. — ಮಾವ


ಜೂನ್ 25

ಅತ್ತೆ,

ನಿಮ್ಮ ಕಾಗದವನ್ನು ಗೂಳಿಗೆ ಓದಿ ಹೇಳಿದೆ. ಮಾತ್ರೆಯವರಿಗೆ ಈ ಗುಡ್ಡದಲ್ಲಿ ಒಂದು ಬಂಡೆ ಕಾಯ್ದಿರಿಸಿದ್ದೇನೆ ಎಂದಿದ್ದಾನೆ. ಯಾವಾಗ ಬೇಕಾದರೂ ಬಂದು ಬೀಳಬಹುದಂತೆ.

ನಿಮ್ಮನ್ನು ಒಂದು ಕೇಳಬೇಕು. ತಮಾಷೆಯಾಗಿ ಬರೆಯಲು ನಾಲ್ಕು ಸಲ ನೋಡಿದೆ, ಆಗಲಿಲ್ಲ. ನವೆಂಬರಿನಿಂದ ಈಚೆಗೆ ನಾನು ಯಾರ ಮುಂದೆಯೂ ಸೈಕಲ್ ತುಳಿದಿಲ್ಲ. ಗುಡ್ಡದಲ್ಲಿ ಎಲ್ಲರನ್ನೂ ಮೊದಲು ಕಳಿಸಿ, ಕೊನೆಗೆ ನಾನು ಇಳಿಯುತ್ತೇನೆ. ನೀವು ಬಂದಾಗಲೂ ನಿಮ್ಮ ಹಿಂದೆಯೇ ಇದ್ದೆ, ನೀವು ಗಮನಿಸಿರಬಹುದು. ಹಿಂದೆ ಚಕ್ರದ ಸದ್ದು ಕೇಳಿದರೆ ಪಕ್ಕಕ್ಕೆ ಸರಿದು ನಿಲ್ಲುತ್ತೇನೆ. ನಿಮಗೆ ಮುಂದಿನ ಚಕ್ರ ಹೇಗೋ, ನನಗೆ ಹಿಂದಿನದು ಹಾಗೆ.

ನನ್ನನ್ನು ಇನ್ನೊಮ್ಮೆ ಸಾಲಿಗೆ ಸೇರಿಸಿಕೊಳ್ಳುತ್ತೀರಾ? ಎಲ್ಲಿ ನಿಲ್ಲು ಎಂದರೆ ಅಲ್ಲಿ ನಿಲ್ಲುತ್ತೇನೆ.

ಇತಿ,
ನಿಮ್ಮ ಸೊಸೆ


ಜುಲೈ 2

ಮಗಳೇ,

ಗಮನಿಸಿದ್ದೆ. ಹೇಳಲಿ ಎಂದು ಕಾಯುತ್ತಿದ್ದೆ.

ಬರುವ ಭಾನುವಾರ ಎಲ್ಲಿಗೆ ಹೋಗೋಣ ಎಂದು ಮಾತ್ರೆ ಕೇಳಿದ. ನಾನು ನಿಮ್ಮ ಊರಿನ ಹೆಸರು ಹೇಳಿದೆ. ಅಷ್ಟು ದೂರವೇ ಎಂದು ಅವನು ಬೆಚ್ಚಿದ. ದಾರಿಯಲ್ಲಿ ಬಾಳೆಹಣ್ಣು ಸಿಗುತ್ತದೆ, ಸಿಪ್ಪೆ ಸಮೇತ ಎಂದು ಧೈರ್ಯ ಹೇಳಿದೆ. ರಾತ್ರಿ ಅಲ್ಲೇ ಉಳಿಯುತ್ತೇವೆ. ಹನ್ನೊಂದು ಜನರಿಗೆ ಹಾಸಿಗೆ ಎಲ್ಲಿಂದ ತರುವುದು ಎಂದು ನಿನ್ನ ಗಂಡ ಯೋಚಿಸಲಿ, ಅವನಿಗೂ ಒಂದು ಆಟ ಬೇಕಲ್ಲ. ಅಡುಗೆಗೆ ನಿನ್ನ ಮಾವ ಬಸ್ಸಿನಲ್ಲಿ ಮುಂಚೆಯೇ ಬರುತ್ತಾರೆ. ಈಗಲೇ ಸೌಟು ಕಟ್ಟಿಟ್ಟುಕೊಂಡಿದ್ದಾರೆ.

ನಿನಗೆ ಹೇಳುವುದಿಷ್ಟು. ದೊಡ್ಡ ರಸ್ತೆ ಬಿಟ್ಟು ನಿಮ್ಮ ಊರ ಕಡೆ ತಿರುಗುವಲ್ಲಿ ಒಂದು ಬಸ್ ನಿಲ್ದಾಣವಿದೆಯಲ್ಲ, ಅಲ್ಲಿ ರಸ್ತೆ ಸೈಕಲ್ ತೆಗೆದುಕೊಂಡು ಬಂದು ನಿಂತಿರು. ಸುಮಾರು ಹನ್ನೊಂದು ಗಂಟೆಗೆ ಬರುತ್ತೇವೆ. ರಸ್ತೆಯವರ ಹನ್ನೊಂದು, ಗುಡ್ಡದವರದ್ದಲ್ಲ. ನಾವು ನಿಲ್ಲುವುದಿಲ್ಲ, ನಿಧಾನ ಮಾಡುತ್ತೇವೆ. ನೀನು ಪಕ್ಕದಲ್ಲಿ ತುಳಿದುಕೊಂಡು ಬಂದು ಸಾಲಿಗೆ ಸೇರಬೇಕು. ಎಲ್ಲಿ ಎಂದು ಹುಡುಕಬೇಕಾಗಿಲ್ಲ. ಸಾಲಿನಲ್ಲಿ ಒಂದು ಸೈಕಲ್ಲಿನಷ್ಟು ಜಾಗ ಖಾಲಿ ಕಾಣುತ್ತದೆ. ಅದು ನನ್ನ ಮುಂದಿನ ಜಾಗ.

ಬೆಳಿಗ್ಗೆಯಿಂದ ಅಷ್ಟು ದೂರ ಮುಂದೆ ಖಾಲಿ ಬಿಟ್ಟುಕೊಂಡು ಬಂದರೆ ಗಾಳಿಯೆಲ್ಲ ನನ್ನ ಎದೆಗೇ ಬಡಿಯುತ್ತದೆ ಎಂದು ಮಾತ್ರೆ ಎಚ್ಚರಿಸಿದ. ಬಡಿಯಲಿ ಎಂದೆ.

ಬೇಗ ಬಂದು ನಿಂತಿರು.

— ಅತ್ತೆ